ಹೆಗಲು ಕೊಡುವವರು ಯಾರು?

ಸಂಘದ ಪತ್ರಿಕೆಯಲ್ಲಿ ಸಿನಿಮಾ ಕುರಿತ ಲೇಖನವೆಂದರೆ ನೀವು ಹೊಸ ಚಿತ್ರದ ವಿಮರ್ಶೆಯನ್ನೋ ನಟನಟಿಯರ ಪರಿಚಯವನ್ನೋ ನಿರೀಕ್ಷಿಸಿರಬಹುದು. ಇಲ್ಲಿ ಅದಾವುದೂ ಇಲ್ಲ. ನಾನು ಹೇಳಹೊರಟಿರುವ ಚಿತ್ರಗಳಲ್ಲಿ ಹೆಚ್ಚಿನವು ಹಳೆಯವು, ಹಲವು ಕಪ್ಪು-ಬಿಳುಪಿನವು. ನಿಮ್ಮಲ್ಲಿ ಬಹಳಷ್ಟು ಮಂದಿ ಹೆಸರನ್ನೂ ಕೇಳಿರಲಾರದಂಥವು. ಮತ್ತು ಎಲ್ಲವುಗಳ ನಡುವೆಯೂ ಒಂದು ಸಾವು ಇದೆ. ಓದುವ ಹಿರಿಯರು ‘ಇದೆಂಥ ಅಪಶಕುನದ ವಿಷಯ’ ಎಂದು ಹುಬ್ಬು ಗಂಟಿಕ್ಕಿದರೆ ಅವರು ದಯವಿಟ್ಟು ಕೊನೆಯವರೆಗೆ ಓದಬೇಕೆಂದು ವಿನಂತಿ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ನಮ್ಮ ಭೋಸರಿಗೆ ಎಂ.ಐ.ಡಿ.ಸಿ. ಕಾರ್ಖಾನೆಗಳ ಕೆಲಸಕ್ಕೆಂದು ವಿಜಾಪುರ, ಬಾಗಲಕೋಟೆ, ಕಲಬುರ್ಗಿ, ಬೀದರ, ಬೆಳಗಾವಿ ಕಡೆಯಿಂದ ಬಂದವರು, ಹೋಟೆಲು ನಡೆಸಲೆಂದು ಉಡುಪಿ, ಕುಂದಾಪುರದ ಕಡೆಯಿಂದ ಬಂದವರು ಈಗ ಅರವತ್ತು, ಎಪ್ಪತ್ತು ದಾಟಿದ್ದಾರೆ. ಅವರು ಬಂದಾಗ ಇಲ್ಲಿ ಮುದುಕರೇ ಇರಲಿಲ್ಲ. ಸಾವು ಎಂಬುದು ಊರಿನಿಂದ ಬರುವ ತಂತಿಯಲ್ಲೋ ಫೋನಿನಲ್ಲೋ ಬರುತ್ತಿತ್ತು. ಅಪ್ಪ ರಾತ್ರಿ ಬಸ್ಸು ಹತ್ತಿ ಮಣ್ಣಿಗೆ ಹೋಗಿ ಬರುತ್ತಿದ್ದರು. ಮಕ್ಕಳಿಗೆ ಪರೀಕ್ಷೆ ಇರುತ್ತಿತ್ತು, ಅವರು ಇಲ್ಲೇ ಉಳಿಯುತ್ತಿದ್ದರು. ಹೀಗಾಗಿ ನಿಮ್ಮಲ್ಲಿ ಅನೇಕರು ಇಪ್ಪತ್ತೈದು ವರ್ಷ ತುಂಬುವವರೆಗೂ ಒಂದು ಸಾವಿನ ಮನೆಯನ್ನು ಒಳಗಿನಿಂದ ಕಂಡಿಲ್ಲ. ಈಗ ಆ ಅಪ್ಪಂದಿರಿಗೇ ವಯಸ್ಸಾಗಿದೆ.

ಎರಡು ವರ್ಷಗಳ ಹಿಂದೆ ನಮ್ಮ ಓಣಿಯಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ಅವರ ಮಗ, ಒಳ್ಳೆಯ ಕಂಪನಿಯಲ್ಲಿ ಇಂಜಿನಿಯರ್, ಮೊಬೈಲು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ. “ಕಾಕು, ಊರಾಗಿನ ಅತ್ತಿಗೆ ಫೋನ್ ಹಚ್ಚೀನ್ರಿ, ಆದ್ರ ಕನ್ನಡದಾಗ ಈ ಮಾತು ಹ್ಯಾಂಗ ಹೇಳೂದು ಗೊತ್ತಾಗವಲ್ದು” ಎಂದ. ಹೆಣವನ್ನು ಊರಿಗೆ ಒಯ್ಯಬೇಕೋ ಇಲ್ಲೇ ಮಾಡಬೇಕೋ, ಯಾರನ್ನು ಕೇಳಬೇಕು, ಎಷ್ಟು ದಿನ ಏನು ನಡೆಸಬೇಕು, ಒಂದೂ ಅವನಿಗೆ ತಿಳಿದಿರಲಿಲ್ಲ. ಅದು ಅವನ ತಪ್ಪಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ; ಕೇಳುವ ಸಂದರ್ಭವೂ ಬಂದಿರಲಿಲ್ಲ.

ಅದಾದ ಮೇಲೆ ನಮ್ಮ ಮನೆಯಲ್ಲಿ ಬಿಡುವಿದ್ದ ಭಾನುವಾರಗಳಂದು ಓಣಿಯ ನಾಲ್ಕೈದು ಹುಡುಗ ಹುಡುಗಿಯರನ್ನು ಕೂಡಿಸಿಕೊಂಡು ಹಳೆಯ ಚಿತ್ರಗಳನ್ನು ನೋಡತೊಡಗಿದೆವು. ನಮ್ಮ ಕಾಲದಲ್ಲಿ ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಚಿತ್ರಗಳನ್ನು ತೋರಿಸುತ್ತಿತ್ತು. ಕನ್ನಡದ ಸರದಿ ಬಂದಾಗ ಊಟ ಬೇಗ ಮುಗಿಸಿ ಕೂರುತ್ತಿದ್ದೆವು. ಅದೇ ರೂಢಿಯನ್ನು ಮತ್ತೆ ಹಿಡಿದೆವೆನ್ನಿ.

ಸಾವಿಗೆ ನಮ್ಮಲ್ಲಿರುವ ಮಾತುಗಳು

ಚಿತ್ರಗಳಿಗೆ ಹೋಗುವ ಮುನ್ನ ಭಾಷೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಹಿರಿಯರು ‘ಸತ್ತರು’ ಎಂದು ಯಾರೂ ಹೇಳುವುದಿಲ್ಲ. ತೀರಿಕೊಂಡರು, ಹೋಗಿಬಿಟ್ಟರು, ಕಾಲವಾದರು ಎನ್ನುತ್ತಾರೆ. ಲಿಂಗಾಯತರ ಮನೆಯಲ್ಲಿ ಲಿಂಗೈಕ್ಯರಾದರು, ವೈಷ್ಣವರ ಮನೆಯಲ್ಲಿ ವೈಕುಂಠವಾಸಿಗಳಾದರು. ಉತ್ತರ ಕರ್ನಾಟಕದಲ್ಲಿ ‘ಮಣ್ಣಿಗೆ ಹೋಗಿದ್ದೆ’ ಎಂದರೆ ಅಂತ್ಯಕ್ರಿಯೆಗೆ ಹೋಗಿದ್ದೆ ಎಂದು ಅರ್ಥ. ತುಳುನಾಡಿನ ಅನೇಕ ಮನೆಗಳಲ್ಲಿ ಉತ್ತರಕ್ರಿಯೆಗೆ ‘ಬೊಜ್ಜ’ ಎನ್ನುತ್ತಾರೆ. ಮಂಡ್ಯ, ಮೈಸೂರಿನ ಕಡೆ ‘ತಿಥಿ’, ಬ್ರಾಹ್ಮಣರಲ್ಲಿ ‘ವೈಕುಂಠ ಸಮಾರಾಧನೆ’, ಲಿಂಗಾಯತರಲ್ಲಿ ‘ಶಿವಗಣಾರಾಧನೆ’. ಸೂತಕ ಎಂಬ ಶಬ್ದ ಮರಾಠಿಯಲ್ಲೂ ಇದೆ, ನಿಮಗೆ ಗೊತ್ತು. ಆದರೆ ಬಸವಣ್ಣನವರ ಮಾರ್ಗದಲ್ಲಿ ಸೂತಕವನ್ನೇ ಒಪ್ಪುವುದಿಲ್ಲ ಎಂಬುದು ಎಷ್ಟು ಜನರಿಗೆ ಗೊತ್ತು?

ಈ ಮಾತುಗಳು ನಿಘಂಟಿನಲ್ಲಿ ಸಿಕ್ಕರೂ ಅವುಗಳನ್ನು ಯಾರು, ಯಾರಿಗೆ, ಯಾವ ದನಿಯಲ್ಲಿ ಹೇಳುತ್ತಾರೆ ಎಂಬುದು ಸಿಕ್ಕುವುದಿಲ್ಲ. ಅದನ್ನು ಕೇಳಿಸಬಲ್ಲದ್ದು ಒಂದು ಸಾವಿನ ಮನೆ, ಇಲ್ಲವೇ ಒಂದು ಒಳ್ಳೆಯ ಚಿತ್ರ. ಎರಡನೆಯದು ನೋವಿಲ್ಲದ ದಾರಿ.

ಮಸಣದಿಂದ ಆರಂಭವಾದ ಸಿನಿಮಾ

ನೀವು ಗಮನಿಸಿದ್ದೀರೋ ಇಲ್ಲವೋ, ನಮ್ಮ ದೇಶದ ಸಿನಿಮಾ ಆರಂಭವಾದದ್ದೇ ಮಸಣದ ಕಥೆಯಿಂದ. ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಮುಂಬಯಿಯಲ್ಲಿ ತೆರೆ ಕಂಡಿತು. ರಾಜನೊಬ್ಬ ಮಾತಿಗೆ ಕಟ್ಟುಬಿದ್ದು ಸುಡುಗಾಡು ಕಾಯುವ ಕಥೆ ಅದು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಿಡುಗಡೆಯಾದದ್ದು 1934ರ ಮಾರ್ಚ್ 3ರಂದು. ನಿರ್ದೇಶಕರು ವೈ.ವಿ. ರಾವ್; ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ಯುದ್ಧದಲ್ಲಿ ಮಡಿದ ಇಂದ್ರಜಿತುವಿನ ಚಿತೆಯನ್ನು ಸುಲೋಚನೆ ಏರುವ ಕಥೆ. ಚಿತ್ರೀಕರಣ ನಡೆದದ್ದು ಎಲ್ಲಿ ಗೊತ್ತೇ? ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ! ಕನ್ನಡ ಸಿನಿಮಾ ಮೊದಲು ಮಾತಾಡಿದ್ದು ಮಹಾರಾಷ್ಟ್ರದ ನೆಲದಲ್ಲಿ. ಇಲ್ಲೇ ಹುಟ್ಟಿ ಬೆಳೆದ ನಿಮಗೆ ಈ ಸಂಗತಿ ಸಂತೋಷ ಕೊಡಬೇಕು. ದುಃಖದ ಸಂಗತಿಯೆಂದರೆ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಸಾವಿನ ಕಥೆ ಹೇಳಿದ ಚಿತ್ರ ತಾನೇ ಸತ್ತುಹೋಯಿತು. ಚಿತ್ರಗಳಿಗೂ ಆಯುಷ್ಯವಿದೆ ಎಂಬುದಕ್ಕೆ ಇದು ಸಾಕ್ಷಿ.

ಮುಂದೆ 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ ಬಂತು. ರಾಜಕುಮಾರ್ ಮತ್ತು ಪಂಡರೀಬಾಯಿ. ಹಾವು ಕಚ್ಚಿ ಸತ್ತ ಮಗನನ್ನು ತಾಯಿ ಹೊತ್ತು ತರುತ್ತಾಳೆ, ಮಸಣ ಕಾಯುವ ತಂದೆ ಸುಡುವ ಸುಂಕ ಕೇಳುತ್ತಾನೆ. ಈ ಚಿತ್ರ ನಿಮ್ಮ ಅಜ್ಜಿಯರಿಗೆಲ್ಲ ಗೊತ್ತು, ಗೊತ್ತಿಲ್ಲದವರು ನೀವು. ಅದೇ ನಿರ್ದೇಶಕರ ‘ಭಕ್ತ ಕುಂಬಾರ’ (1974) ನಮಗೆ ಇನ್ನೂ ಹತ್ತಿರದ್ದು. ಪಂಢರಪುರದ ವಿಠಲನ ಭಕ್ತ ಗೋರಾ ಕುಂಬಾರನ ಕಥೆ ನೀವು ಮರಾಠಿ ಶಾಲೆಯಲ್ಲಿ ಓದಿರುತ್ತೀರಿ. ಮಣ್ಣು ತುಳಿಯುತ್ತ ಭಜನೆಯಲ್ಲಿ ಮೈಮರೆತ ತಂದೆಯ ಕಾಲಡಿಗೆ ಸಿಕ್ಕಿ ಕೂಸು ಸಾಯುತ್ತದೆ. ಪುರಾಣ ಮತ್ತು ಭಕ್ತಿಯ ಚಿತ್ರಗಳಲ್ಲಿ ದೇವರು ಬಂದು ಸತ್ತ ಮಕ್ಕಳನ್ನು ಎಬ್ಬಿಸುತ್ತಾನೆ. ನೋಡಿದವರು ಕಣ್ಣೊರೆಸಿಕೊಂಡು ಸಮಾಧಾನದಿಂದ ಮನೆಗೆ ಹೋಗುತ್ತಾರೆ.

ದೇವರು ಬರದಿದ್ದರೆ? ಆ ಪ್ರಶ್ನೆಯನ್ನು ಎತ್ತಿದವು ಮುಂದಿನ ಚಿತ್ರಗಳು.

ಊರ ನಡುವೆ ಬಿದ್ದ ಹೆಣ

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ 1965ರದು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಅದನ್ನು ಚಿತ್ರವಾಗಿಸಿದರು. ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಛಾಯಾಗ್ರಾಹಕರು ಆಸ್ಟ್ರೇಲಿಯಾದ ಟಾಮ್ ಕೋವನ್.

ಕಥೆ ಸರಳ. ಅಗ್ರಹಾರದಲ್ಲಿ ನಾರಣಪ್ಪ ಪ್ಲೇಗಿನಿಂದ ಸಾಯುತ್ತಾನೆ. ಬದುಕಿದ್ದಾಗ ಆಚಾರ ಬಿಟ್ಟು ಬಾಳಿದವನು. ಆದರೆ ಅವನನ್ನು ಯಾರೂ ಜಾತಿಯಿಂದ ಹೊರಗೆ ಹಾಕಿರಲಿಲ್ಲ. ಆದ್ದರಿಂದ ಬೇರೆ ಜಾತಿಯವರು ಹೆಣ ಮುಟ್ಟುವಂತಿಲ್ಲ, ಅಗ್ರಹಾರದವರು ಮುಟ್ಟಲು ಒಲ್ಲರು. ಹೆಣ ಇರುವಷ್ಟು ಹೊತ್ತು ಯಾರ ಮನೆಯಲ್ಲೂ ಊಟವಿಲ್ಲ. ಅವನೊಂದಿಗೆ ಬಾಳಿದ ಚಂದ್ರಿ ಖರ್ಚಿಗೆಂದು ತನ್ನ ಚಿನ್ನ ಬಿಚ್ಚಿಡುತ್ತಾಳೆ. ಅದನ್ನು ಕಂಡೊಡನೆ ಒಲ್ಲೆನೆಂದವರ ಮನಸ್ಸು ಓಲಾಡುತ್ತದೆ. ಆಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕುತ್ತಾರೆ, ಸಿಕ್ಕುವುದಿಲ್ಲ. ಮಾರುತಿಯ ಗುಡಿಗೆ ಹೋಗುತ್ತಾರೆ, ದೇವರೂ ಏನೂ ಹೇಳುವುದಿಲ್ಲ. ಕಾದಂಬರಿಯಲ್ಲಿ ಕೊನೆಗೆ ಆ ಹೆಣವನ್ನು ಸುಡುವ ವ್ಯವಸ್ಥೆ ಮಾಡುವವಳು ಚಂದ್ರಿಯೇ, ಒಬ್ಬ ಮುಸಲ್ಮಾನ ಗಾಡಿಯವನ ನೆರವಿನಿಂದ, ರಾತ್ರಿ ಹೊತ್ತಿನಲ್ಲಿ.

ಚಿತ್ರ ಮುಗಿದಾಗ ನಮ್ಮ ಗುಂಪಿನ ಒಬ್ಬ ಹುಡುಗಿ ಕೇಳಿದಳು: “ಕಾಕು, ಇಷ್ಟು ಮಂದಿ ಇದ್ದಾರ, ಸತ್ತಾಂವಗ ಒಬ್ರೂ ಅಳೂದಿಲ್ಲಲ್ರಿ?” ನಾನು ಎಷ್ಟೋ ಸಲ ನೋಡಿದ್ದ ಚಿತ್ರ, ನನಗೆ ಹೊಳೆಯದಿದ್ದ ಪ್ರಶ್ನೆ. ಎಲ್ಲರಿಗೂ ಅವನ ಹೆಣದ್ದೇ ಚಿಂತೆ, ಅವನ ಚಿಂತೆ ಯಾರಿಗೂ ಇಲ್ಲ. ‘ಸಂಸ್ಕಾರ’ ಎಂಬ ಶಬ್ದಕ್ಕೆ ಶವಕ್ಕೆ ಮಾಡುವ ಕ್ರಿಯೆ ಎಂಬ ಅರ್ಥವೂ ಇದೆ, ಮನುಷ್ಯನಿಗೆ ಬರಬೇಕಾದ ತಿಳಿವು ಎಂಬ ಅರ್ಥವೂ ಇದೆ. ಎ.ಕೆ. ರಾಮಾನುಜನ್ ಇದನ್ನು ಇಂಗ್ಲಿಷಿಗೆ ತಂದಾಗಲೂ ಆ ಹೆಸರನ್ನು ಕನ್ನಡದಲ್ಲಿದ್ದಂತೆಯೇ ಉಳಿಸಿಕೊಂಡರು.

ಸೆನ್ಸಾರ್ ಮಂಡಳಿ ಈ ಚಿತ್ರವನ್ನು ಮೊದಲು ತಡೆಹಿಡಿದಿತ್ತು. ಕೊನೆಗೆ ಬಿಡುಗಡೆಯಾಗಿ, ದೇಶದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡ ಚಿತ್ರವಾಯಿತು. ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರ ಕಥೆಯನ್ನೂ ನೀವು ತಿಳಿದಿರಬೇಕು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಅವರನ್ನು ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಅಸ್ತಮಾದಿಂದ ನರಳಿದ ಅವರು 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇದು ತಿಳಿದ ಮೇಲೆ ಚಿತ್ರದಲ್ಲಿ ಅವರ ಮುಖ ನೋಡುವಾಗ ಮನಸ್ಸಿಗೆ ಏನೋ ಆಗುತ್ತದೆ.

ಇದೇ ಪ್ರಶ್ನೆ ಜನಪ್ರಿಯ ಚಿತ್ರವೊಂದರಲ್ಲೂ ಇದೆ. ಸಿದ್ಧಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ (1974) ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಆಧರಿಸಿದ್ದು. ಊರನ್ನೆಲ್ಲ ಹಿಂಡಿದ ಭೂತಯ್ಯ ಸತ್ತಾಗ ಹೆಗಲು ಕೊಡಲು ಊರವರು ಮುಂದೆ ಬರುವುದಿಲ್ಲ. ಅಲ್ಲಿ ಜಾತಿ ಅಡ್ಡ ಬಂತು, ಇಲ್ಲಿ ಬದುಕಿದ ರೀತಿ ಅಡ್ಡ ಬಂತು. ಎರಡೂ ಚಿತ್ರಗಳನ್ನು ಒಂದರ ಹಿಂದೊಂದು ನೋಡಿ. ‘ನಾಲ್ಕು ಜನ ಬೇಕು’ ಎಂದು ಹಿರಿಯರು ಮಾತು ಮಾತಿಗೆ ಹೇಳುವುದೇಕೆಂದು ಆಗ ತಿಳಿಯುತ್ತದೆ. ನಮ್ಮ ಸಂಘ ಹುಟ್ಟಿದ್ದೂ ಗಣೇಶೋತ್ಸವ, ರಾಜ್ಯೋತ್ಸವಗಳಿಗಷ್ಟೇ ಅಲ್ಲ. ಊರು ಬಿಟ್ಟು ಬಂದವರಿಗೆ ಆ ನಾಲ್ಕು ಜನ ಇಲ್ಲೇ ಸಿಗಲೆಂದು.

ಬದುಕಿದ್ದಾಗಲೇ ಸತ್ತವರು

ಎರಡನೆಯ ಬಗೆಯ ಚಿತ್ರಗಳಲ್ಲಿ ಸತ್ತವರಿಗಿಂತ ಉಳಿದವರ ಕಥೆ ಮುಖ್ಯ. ಅದರಲ್ಲೂ ಹೆಂಗಸರದು.

ಗಿರೀಶ ಕಾಸರವಳ್ಳಿಯವರು ನಮ್ಮ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು. ಅಲ್ಲಿಂದ ಹೊರಬಂದು ಅವರು ಮಾಡಿದ ಮೊದಲ ಕಥಾಚಿತ್ರ ‘ಘಟಶ್ರಾದ್ಧ’ (1977), ಇದೂ ಅನಂತಮೂರ್ತಿಯವರ ಕಥೆ. ವೇದಪಾಠಶಾಲೆ ನಡೆಸುವ ಉಡುಪರ ಮಗಳು ಯಮುನಾ ಬಾಲವಿಧವೆ. ಅವಳು ಗರ್ಭಿಣಿಯಾಗುತ್ತಾಳೆ. ಪಾಠಶಾಲೆಗೆ ಹೊಸದಾಗಿ ಬಂದ ಪುಟ್ಟ ಹುಡುಗ ನಾಣಿ ಇದೆಲ್ಲವನ್ನೂ ಅರ್ಥವಾಗಿಯೂ ಆಗದಂತೆ ನೋಡುತ್ತಾನೆ. ಕೊನೆಗೆ ತಂದೆಯೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ, ಮಡಕೆ ಒಡೆದು, ಅವಳನ್ನು ಹೊರಹಾಕುತ್ತಾನೆ. ತಲೆ ಬೋಳಿಸಿಕೊಂಡ ಯಮುನಾ ಮರದಡಿಯಲ್ಲಿ ಒಬ್ಬಳೇ ಕೂತಿರುವುದನ್ನು ಊರು ಬಿಟ್ಟು ಹೋಗುವ ಹುಡುಗ ಹಿಂತಿರುಗಿ ನೋಡುತ್ತಾನೆ. ನಿಜವಾದ ಹೆಣವೊಂದನ್ನು ತೋರಿಸಿದ್ದರೂ ಇಷ್ಟು ದುಃಖವಾಗುತ್ತಿರಲಿಲ್ಲ.

ಈ ಚಿತ್ರಕ್ಕೂ ಆ ವರ್ಷದ ಸ್ವರ್ಣಕಮಲ ಬಂತು. ನಿರ್ಮಿಸಿದವರು ಸದಾನಂದ ಸುವರ್ಣ, ಮುಂಬಯಿಯ ಕನ್ನಡ ರಂಗಭೂಮಿಗೆ ದುಡಿದವರು, ನಮ್ಮ ಹಾಗೆಯೇ ಹೊರನಾಡಿನಲ್ಲಿ ಬಾಳಿದ ಕನ್ನಡಿಗರು. 2024ರಲ್ಲಿ ಚಿತ್ರದ ಜೀರ್ಣೋದ್ಧಾರಗೊಂಡ ಪ್ರತಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಅದೇ ವರ್ಷ, ಆ ಪ್ರದರ್ಶನಕ್ಕೆ ಸ್ವಲ್ಪ ಮೊದಲು, ಸುವರ್ಣರು ತೀರಿಕೊಂಡಿದ್ದರು.

ಪ್ರೇಮಾ ಕಾರಂತರ ‘ಫಣಿಯಮ್ಮ’ (1983) ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ ಚಿತ್ರ. ಮುಖ್ಯ ಪಾತ್ರದಲ್ಲಿ ಎಲ್.ವಿ. ಶಾರದಾ. ಮದುವೆಯೆಂದರೇನೆಂದು ತಿಳಿಯುವ ಮೊದಲೇ ಹುಡುಗಿ ವಿಧವೆಯಾಗುತ್ತಾಳೆ. ಗಂಡನೆಂಬ ಬಾಲಕ ಚಿತ್ರದಲ್ಲಿ ಇರುವುದು ಕೆಲವೇ ಕ್ಷಣ. ಅವನ ಸಾವು ಅವಳ ಇಡೀ ಆಯುಷ್ಯವನ್ನು ಆಳುತ್ತದೆ. ಆದರೆ ಆ ಫಣಿಯಮ್ಮನೇ ಮುದುಕಿಯಾದಾಗ, ತಲೆ ಬೋಳಿಸಿಕೊಳ್ಳಲು ಒಪ್ಪದ ಇನ್ನೊಬ್ಬ ಎಳೆಯ ವಿಧವೆ ದಾಕ್ಷಾಯಣಿಯ ಪಕ್ಷ ವಹಿಸುತ್ತಾಳೆ. ‘ನಾನು ಅನುಭವಿಸಿದೆ, ನೀನೂ ಅನುಭವಿಸು’ ಎನ್ನುವುದಿಲ್ಲ. ಹಿರಿಯರಾದವರು ಕಲಿಯಬೇಕಾದ ಪಾಠ ಇದು, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

‘ಇವೆಲ್ಲ ಹಳೆಯ ಕಾಲದ ಮಾತು, ಈಗ ಯಾರು ಹೀಗೆ ಮಾಡುತ್ತಾರೆ?’ ಎನ್ನುತ್ತೀರಿ. ಸರಿ, ತಲೆ ಬೋಳಿಸುವುದಿಲ್ಲ. ಆದರೆ ಗಂಡ ಹೋದ ವರ್ಷ ಹೆಂಗಸು ಅರಿಶಿನ ಕುಂಕುಮಕ್ಕೆ ಹೋದರೆ ಮುಖ ತಿರುಗಿಸುವವರು ನಮ್ಮ ನಡುವೆ ಇಲ್ಲವೇ? ಸ್ವಂತ ಮಗನ ಮದುವೆಯಲ್ಲಿ ಆರತಿ ಎತ್ತಲು ಹಿಂದೆ ಸರಿಯುವ ತಾಯಂದಿರಿಲ್ಲವೇ? ನಿಮ್ಮ ಮನೆಯ ಮದುವೆಯಲ್ಲಿ ಆ ತಾಯಿಯ ಕೈ ಹಿಡಿದು ಮುಂದೆ ಕರೆತರಬೇಕಾದವರು ನೀವೇ.

ಬಡವರ ಸಾವು

ಶಿವರಾಮ ಕಾರಂತರ ‘ಚೋಮನ ದುಡಿ’ (ಕಾದಂಬರಿ 1933) ಬಿ.ವಿ. ಕಾರಂತರ ನಿರ್ದೇಶನದಲ್ಲಿ 1975ರಲ್ಲಿ ಚಿತ್ರವಾಯಿತು. ಚೋಮನಿಗೆ ಒಂದೇ ಆಸೆ, ಒಂದು ತುಂಡು ಭೂಮಿಯನ್ನು ತಾನೇ ಉಳಬೇಕೆಂಬುದು. ಅವನ ಜಾತಿಗೆ ಆ ಹಕ್ಕಿಲ್ಲ. ಒಬ್ಬ ಮಗ ಕಾಯಿಲೆಯಿಂದ ಸಾಯುತ್ತಾನೆ. ಇನ್ನೊಬ್ಬ ಹೊಳೆಯಲ್ಲಿ ಮುಳುಗುವಾಗ ದಂಡೆಯಲ್ಲಿದ್ದ ಮೇಲಿನವರು ಮುಟ್ಟಿದರೆ ಮೈಲಿಗೆಯೆಂದು ಕೈ ಚಾಚುವುದಿಲ್ಲ. ಕೊನೆಗೆ ಚೋಮ ದುಡಿ ಬಾರಿಸುತ್ತ ಬಾರಿಸುತ್ತಲೇ ಪ್ರಾಣ ಬಿಡುತ್ತಾನೆ. ಚೋಮನಾದ ಎಂ.ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ, ಚಿತ್ರಕ್ಕೆ ಸ್ವರ್ಣಕಮಲ ದೊರೆತವು. ನಮ್ಮಲ್ಲಿ ಕೂತು ನೋಡಿದ ಹುಡುಗನೊಬ್ಬ ಆ ಹೊಳೆಯ ದೃಶ್ಯ ಬಂದಾಗ ಎದ್ದು ಹೊರಗೆ ಹೋದ. ಹೋಗಲಿ ಎಂದು ಬಿಟ್ಟೆವು. ಅರ್ಧ ಗಂಟೆಯ ಮೇಲೆ ಬಂದು ಉಳಿದದ್ದನ್ನು ನೋಡಿದ.

ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಕಾಸರವಳ್ಳಿಯವರು ಮಾಡಿದ ‘ತಬರನ ಕಥೆ’ಗೂ 1986ನೇ ಸಾಲಿನ ಸ್ವರ್ಣಕಮಲ ಸಿಕ್ಕಿತು, ತಬರನಾದ ಚಾರುಹಾಸನ್ ಅತ್ಯುತ್ತಮ ನಟರೆನಿಸಿದರು. ತಬರ ಸರಕಾರಿ ಜವಾನ. ನಿವೃತ್ತನಾದ ಮೇಲೆ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲು ಕೊಳೆಯುತ್ತಿದೆ. ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಅವಳು ಸಾಯುತ್ತಾಳೆ. ಅಲ್ಲಿ ಕೊಲೆಗಾರನಿಲ್ಲ. ಎಲ್ಲರೂ ‘ನಾಳೆ ಬಾ’ ಎಂದವರೇ.

ಇದರ ಪಕ್ಕದಲ್ಲಿ ಜಪಾನಿನ ಅಕಿರಾ ಕುರೋಸಾವಾರ ‘ಇಕಿರು’ (1952) ಇಟ್ಟು ನೋಡಿ. ಅಲ್ಲಿ ನಾಯಕ ಮೇಜಿನ ಆಚೆ ಬದಿಯವನು, ವರ್ಷಗಟ್ಟಲೆ ಕಾಗದ ತಳ್ಳಿದ ನಗರಸಭೆಯ ಅಧಿಕಾರಿ. ಹೊಟ್ಟೆಯ ಕ್ಯಾನ್ಸರ್‌ನಿಂದ ತನಗೆ ಕೆಲವೇ ತಿಂಗಳು ಉಳಿದಿವೆಯೆಂದು ತಿಳಿದಾಗ ಅವನು ಮಕ್ಕಳಿಗೊಂದು ಉದ್ಯಾನ ಮಾಡಿಸಿ ಸಾಯುತ್ತಾನೆ. ತಬರನ ಕಡತ ಇಂಥ ಒಬ್ಬನ ಮೇಜಿಗೆ ಬಂದಿದ್ದರೆ! ನಿಮ್ಮಲ್ಲಿ ನಾಳೆ ಅಧಿಕಾರಿಗಳಾಗುವವರಿದ್ದೀರಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಕೂರುವವರಿದ್ದೀರಿ. ಈ ಎರಡು ಚಿತ್ರಗಳನ್ನು ನೋಡಿದವರಿಗೆ ‘ನಾಳೆ ಬನ್ನಿ’ ಎನ್ನುವುದು ಅಷ್ಟು ಸುಲಭವಾಗಲಾರದು.

ನಗುವೂ ಇದೆ

ಇಷ್ಟು ಓದಿ ನೀವು ಬೇಸತ್ತಿದ್ದರೆ ‘ತಿಥಿ’ ನೋಡಿ. ಇದು ಹಳೆಯದಲ್ಲ, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು, 2016ರಲ್ಲಿ ನಮ್ಮಲ್ಲಿ ಬಿಡುಗಡೆಯಾಯಿತು. ನಿರ್ದೇಶಕರು ರಾಮ್ ರೆಡ್ಡಿ, ಜೊತೆಗೂಡಿ ಬರೆದವರು ಈರೇಗೌಡ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಊರಿನವರೇ ಪಾತ್ರಧಾರಿಗಳು. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೆಯ ದಿನದ ತಿಥಿಯವರೆಗಿನ ಕಥೆ. ಮಗ ಗಡ್ಡಪ್ಪನಿಗೆ ಆಸ್ತಿಯೂ ಬೇಡ, ಅಳುವೂ ಇಲ್ಲ. ಹೊಲ ಗದ್ದೆ ತಿರುಗಿಕೊಂಡಿರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ. ಅದಕ್ಕಾಗಿ ಬದುಕಿರುವ ಅಪ್ಪನ ಹೆಸರಿನಲ್ಲೇ ಮರಣ ಪ್ರಮಾಣಪತ್ರ ಮಾಡಿಸುತ್ತಾನೆ! ಮರಿಮಗ ಅಭಿಗೆ ಕುರಿ ಕಾಯುವ ಹುಡುಗಿಯದೇ ಧ್ಯಾನ. ಮಂಡ್ಯದ ಮಾತು ನಮ್ಮ ವಿಜಾಪುರದ ಮಕ್ಕಳಿಗೆ ಮೊದಲ ಹತ್ತು ನಿಮಿಷ ಕಷ್ಟವಾಯಿತು, ಆಮೇಲೆ ನಕ್ಕು ನಕ್ಕು ಸಾಕಾಯಿತು. ಸಾವಿನ ಮನೆಯಲ್ಲಿ ಅಳುವಿನ ಜೊತೆಗೆ ಅಡುಗೆ ಲೆಕ್ಕ, ಸಾಲ, ಇಸ್ಪೀಟು, ಪ್ರೇಮ ಎಲ್ಲವೂ ಇರುತ್ತವೆ ಎಂಬುದನ್ನು ಇಷ್ಟು ಪ್ರೀತಿಯಿಂದ ತೋರಿಸಿದ ಚಿತ್ರ ಕಡಿಮೆ.

ಪ್ರಮಾಣಪತ್ರದ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ: 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಸಾವಾದ ಸ್ಥಳದಲ್ಲೇ. ಭೋಸರಿಯಲ್ಲಿ ತೀರಿಕೊಂಡವರ ನೋಂದಣಿ ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಯಲ್ಲಿ, ಊರಿನ ಪಂಚಾಯತಿಯಲ್ಲಿ ಅಲ್ಲ. ದುಃಖದ ನಡುವೆ ಇದನ್ನು ನೆನಪಿಡಬೇಕಾದವರು ಮನೆಯ ಎಳೆಯರೇ.

ಮರಾಠಿಯಲ್ಲಿ ನಿಮ್ಮ ವಯಸ್ಸಿನವರದೇ ಒಂದು ಚಿತ್ರವಿದೆ, ಉಮೇಶ್ ಕುಲಕರ್ಣಿಯವರ ‘ವಿಹಿರ್’ (2009). ಇಬ್ಬರು ಸೋದರಸಂಬಂಧಿ ಹುಡುಗರಲ್ಲಿ ಒಬ್ಬ ಬಾವಿಯಲ್ಲಿ ಮುಳುಗಿ ಸಾಯುತ್ತಾನೆ. ಉಳಿದವನು ಅವನನ್ನು ಎಲ್ಲೆಲ್ಲೂ ಹುಡುಕುತ್ತಾನೆ. ಗೆಳೆಯನನ್ನು ಕಳೆದುಕೊಂಡವರು ಯಾರಾದರೂ ನಿಮ್ಮಲ್ಲಿದ್ದರೆ ಇದು ನಿಮ್ಮ ಚಿತ್ರ.

ಪುಣೆಯ ಋಣ

ಈ ಚಿತ್ರಗಳನ್ನು ನೋಡಲು ನಾವಿರುವುದು ಸರಿಯಾದ ಊರಿನಲ್ಲೇ. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಲ್ಲಿ ಆರಂಭವಾದದ್ದು ಪುಣೆಯಲ್ಲಿ. ಲಾ ಕಾಲೇಜ್ ರಸ್ತೆಯಲ್ಲಿದೆ. ಅದನ್ನು ಕಟ್ಟಿದ ಪಿ.ಕೆ. ನಾಯರ್ ಊರೂರು ಅಲೆದು ಚಿತ್ರದ ಸುರುಳಿಗಳನ್ನು ಕೂಡಿಹಾಕಿದರು. ಅಷ್ಟೇ ಅಲ್ಲ, ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಸಂಸ್ಥೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ತೋಟದ ರೈತರಿಗೆ ತೋರಿಸಿದಾಗ, ಅದಕ್ಕೆ ಬೆನ್ನಾಗಿ ನಿಂತವರಲ್ಲಿ ನಾಯರ್ ಒಬ್ಬರು. ಅವರು 2016ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಫಿಲ್ಮ್ ಇನ್‌ಸ್ಟಿಟ್ಯೂಟ್ ಇರುವುದು ಹಳೆಯ ಪ್ರಭಾತ್ ಸ್ಟುಡಿಯೋ ಆವರಣದಲ್ಲಿ. ಗಿರೀಶ ಕಾರ್ನಾಡರು 1974–75ರಲ್ಲಿ ಅದರ ನಿರ್ದೇಶಕರಾಗಿದ್ದರು. ಅದೇ ಪ್ರಭಾತ್ ಕಂಪನಿಯ ‘ಸಂತ ತುಕಾರಾಮ್’ (1936) ನೋಡಿದ್ದೀರಾ? ನಮ್ಮ ಭೋಸರಿಗೆ ಹತ್ತಿರದ ದೇಹೂವಿನ ಕಥೆ. ತುಕಾರಾಮರು ವೈಕುಂಠಕ್ಕೆ ಹೋಗುತ್ತಾರೆ, ಸಂಸಾರ ಹೊತ್ತ ಜಿಜಾಯಿ ಭೂಮಿಯ ಮೇಲೆ ಉಳಿಯುತ್ತಾಳೆ. ಎಲ್ಲರೂ ಆಕಾಶ ನೋಡುತ್ತಾರೆ. ನಾನು ಜಿಜಾಯಿಯನ್ನು ನೋಡುತ್ತೇನೆ.

ನೋಡುವ ಕ್ರಮದ ಬಗ್ಗೆ ಕೆಲವು ಸಲಹೆಗಳು. ಹಲವು ಹಳೆಯ ಚಿತ್ರಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಸಿಗದಿದ್ದರೆ ಪುಣೆಯ ಚಿತ್ರೋತ್ಸವ, ಫಿಲ್ಮ್ ಸೊಸೈಟಿಗಳ ಮೇಲೆ ಕಣ್ಣಿಡಿ. ಮನೆಯಲ್ಲಿ ಈಚೆಗೆ ಸಾವಾಗಿದ್ದರೆ ಸ್ವಲ್ಪ ಕಾಲ ತಡೆಯಿರಿ, ಒತ್ತಾಯ ಬೇಡ. ಮೊದಲು ‘ತಿಥಿ’, ಆಮೇಲೆ ‘ತಬರನ ಕಥೆ’, ಅನಂತರ ‘ಸಂಸ್ಕಾರ’ ಮತ್ತು ‘ಘಟಶ್ರಾದ್ಧ’, ಈ ಕ್ರಮ ನಮ್ಮ ಗುಂಪಿಗೆ ಒಗ್ಗಿತು. ಒಬ್ಬರೇ ಮೊಬೈಲಿನಲ್ಲಿ ನೋಡಬೇಡಿ, ಮನೆಯ ಹಿರಿಯರ ಜೊತೆ ಕೂತು ನೋಡಿ. ಅವರು ನಡುನಡುವೆ ‘ನಮ್ಮೂರಾಗ ಹಿಂಗಿರಲಿಲ್ಲ’ ಎಂದು ತಕರಾರು ತೆಗೆಯುತ್ತಾರೆ. ಆಗ ಚಿತ್ರ ನಿಲ್ಲಿಸಿ, ‘ಹಂಗಾದ್ರ ಹ್ಯಾಂಗಿತ್ತು?’ ಎಂದು ಕೇಳಿ. ನಿಮಗೆ ಬೇಕಾದ ಮಾತು ಆಗ ಹೊರಬರುತ್ತದೆ.

ನಮ್ಮ ಗುಂಪಿನ ಹುಡುಗಿಯೊಬ್ಬಳು ಹೀಗೆ ಕೇಳಿಯೇ ತನ್ನ ಅಜ್ಜನ ಮನಸ್ಸಿನ ಮಾತನ್ನು ತಿಳಿದುಕೊಂಡಳು. ನಲವತ್ತು ವರ್ಷ ಭೋಸರಿಯಲ್ಲಿದ್ದ ಅವರನ್ನು ಊರಿನ ಹೊಲಕ್ಕೇ ಒಯ್ಯಬೇಕೆಂದು ಮಕ್ಕಳು ಅಂದುಕೊಂಡಿದ್ದರು. ಅವರು ಹೇಳಿದ್ದು ಬೇರೆಯೇ: “ಊರಾಗ ಈಗ ನನ್ನ ಗುರುತಿಸೋರು ಯಾರದಾರ? ಇಲ್ಲೇ ಮಾಡ್ರಿ, ನನ್ನ ಜತಿ ಕೆಲಸಾ ಮಾಡಿದವ್ರು ಬರ್ತಾರ.” ಅಜ್ಜ ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಆದರೆ ಆ ಮಾತು ಕೇಳದೆ ಉಳಿದಿದ್ದರೆ ಮುಂದೊಂದು ದಿನ ಮನೆಯವರೆಲ್ಲ ತಮಗೆ ತೋಚಿದ್ದನ್ನು ಮಾಡಿ, ಸರಿಯೋ ತಪ್ಪೋ ಎಂದು ವರ್ಷಗಟ್ಟಲೆ ಕೊರಗುತ್ತಿದ್ದರು.

ಆದ್ದರಿಂದ ಬರುವ ಭಾನುವಾರ ಮಧ್ಯಾಹ್ನ ಇವುಗಳಲ್ಲಿ ಒಂದು ಚಿತ್ರ ಹಾಕಿ ಕೂಡ್ರಿ. ಅಜ್ಜ ಅಜ್ಜಿಯರಿಗೆ ಚಹಾ ಮಾಡಿಕೊಡುವ ಕೆಲಸವೂ ಆ ದಿನ ನಿಮ್ಮದೇ ಇರಲಿ. ನೋಡಿದ ಮೇಲೆ ನಿಮಗೆ ಏನನ್ನಿಸಿತೆಂದು ನಾಲ್ಕು ಸಾಲು ಕನ್ನಡದಲ್ಲಿ ಬರೆದು ಸಂಪಾದಕರಿಗೆ ಕೊಡಿ. ಕಾಗುಣಿತದ ತಪ್ಪು ತಿದ್ದಲು ನಾನಿದ್ದೇನೆ.